ಎಲೆಕ್ಟ್ರಾ ಸ್ಟ್ರೀಟಿನ ಇಟಲಿ ಕಾಕಾ

ನಮ್ಮ ಕಾಕಾಗೆ ಇಟಾಲಿಯನ್ ಭಾಷೆ ಒಂದಕ್ಷರವೂ ಬರುವುದಿಲ್ಲ. ಆದರೆ ಆ ಭಾಷೆಯಲ್ಲಿ ಅವರಷ್ಟು ಚೆನ್ನಾಗಿ ಅಳುವವರು ಇಡೀ ಅಬುಧಾಬಿಯಲ್ಲಿ ಇನ್ನೊಬ್ಬರಿಲ್ಲ! ನಂಬಿಕೆ ಬಾರದಿದ್ದರೆ ಯಾವುದಾದರೂ ಶನಿವಾರ ಮಧ್ಯಾಹ್ನ ಎಲೆಕ್ಟ್ರಾ ಸ್ಟ್ರೀಟಿಗೆ ಬನ್ನಿ. ಮೊಬೈಲ್ ಅಂಗಡಿಯ ಪಕ್ಕದ ಕಟ್ಟಡದ ಲಿಫ್ಟ್ ಹತ್ತಿ, ಯಾವ ಬಾಗಿಲ ಹಿಂದೆ ಗಂಡಸೊಬ್ಬರು ಮೂಗು ಸೀಟುವ ಸದ್ದು ಕೇಳುತ್ತದೋ ಆ ಬಾಗಿಲು ತಟ್ಟಿ. ಒಳಗೆ ಬನಿಯನ್ನು, ಪಟ್ಟೆಪಟ್ಟೆ ಪೈಜಾಮ ತೊಟ್ಟು, ಮಡಿಲಲ್ಲಿ ಚುರುಮುರಿಯ ಡಬ್ಬಿ ಇಟ್ಟುಕೊಂಡು ಕೂತವರೇ ನಮ್ಮ ಕಾಕಾ. ಹೆಸರು ಮಾತ್ರ ಕೇಳಬೇಡಿ. ಹೇಳುವುದಿಲ್ಲ. ಅದಕ್ಕೊಂದು ಕಾರಣವಿದೆ, ಆಮೇಲೆ ನಿಮಗೇ ಗೊತ್ತಾಗುತ್ತದೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಹುಟ್ಟಿದ್ದು ಗದಗಿನಲ್ಲಿ, ಓದಿದ್ದು ಹುಬ್ಬಳ್ಳಿಯಲ್ಲಿ, ನೀರಿನ ಪೈಪು ಹಾಕಿಸುವ ಎಂಜಿನಿಯರಾಗಿ ಆಯುಷ್ಯವೆಲ್ಲ ಬೆವರು ಸುರಿಸಿದ್ದು ಈ ಮರಳುಗಾಡಿನಲ್ಲಿ. ಸಿನಿಮಾ ಅಂದರೆ ಅವರಿಗೆ ನಿದ್ದೆಯ ಔಷಧ. ದುಬೈನಲ್ಲಿರುವ ಮಗಳು ಪಲ್ಲವಿ ಒಮ್ಮೆ ಅಲ್ಲಿನ ಮಾಲೊಂದಕ್ಕೆ ಕರೆದೊಯ್ದು ದೊಡ್ಡ ಪರದೆಯ ಮುಂದೆ ಕೂರಿಸಿದ್ದಳು. ಪರದೆಯ ಮೇಲೆ ಯುದ್ಧ ನಡೆದಿತ್ತು. ಕಾಕಾರ ಗೊರಕೆ ಕೇಳಿದ ಮುಂದಿನ ಸಾಲಿನವರು ಅದನ್ನೂ ಸೌಂಡ್ ಸಿಸ್ಟಮ್ಮಿನ ಕರಾಮತ್ತೆಂದೇ ತಿಳಿದರಂತೆ! ಇಂಥ ಮನುಷ್ಯನಿಗೆ ನಿವೃತ್ತಿಯ ಹೊಸ್ತಿಲಲ್ಲಿ ಇಟಲಿ ಸಿನಿಮಾದ ಹುಚ್ಚು ಹಿಡಿಯುತ್ತದೆ ಎಂದು ಯಾರಾದರೂ ಅಂದುಕೊಂಡಿದ್ದರೇ?

ನಾನು ಅಬುಧಾಬಿಯ ಹೊರವಲಯದ ಬನಿಯಾಸಿನ ಕ್ಲಿನಿಕ್ಕೊಂದರಲ್ಲಿ ಹಲ್ಲಿನ ಡಾಕ್ಟರು. ಬೆಳಗಿನಿಂದ ಸಂಜೆಯವರೆಗೆ ಊರಿನವರ ಬಾಯಿಗಳೊಳಗೆ ಇಣುಕುವವಳು. ಆ ಕಸುಬು ಮಾಡಿದವರು ಸುಲಭಕ್ಕೆ ಬೆಚ್ಚಿಬೀಳುವುದಿಲ್ಲ. ಆದರೆ ಕಳೆದ ವರ್ಷ ಪೂರ್ತಿ ನಾನು ಬೆಚ್ಚಿಬಿದ್ದದ್ದೇ ಬಿದ್ದದ್ದು.

ಮೊದಲು ಬೆಚ್ಚಿಬಿದ್ದದ್ದು ನಗುವ ವಿಷಯಕ್ಕಲ್ಲ. ಅದು ಕಾಕುವಿನ ದನಿಯ ವಿಷಯ. ಕಾಕು ಎಂದರೆ ಕಾಕಾರ ಹೆಂಡತಿ. ಆ ದನಿಯನ್ನು ಕೇಳದವರಿಗೆ ಹೇಗೆ ಹೇಳಲಿ? ಅವರು ಎಲೆಕ್ಟ್ರಾ ಸ್ಟ್ರೀಟಿನ ಬಾಲ್ಕನಿಯಲ್ಲಿ ನಿಂತು ಮೆಂತ್ಯದ ಸೊಪ್ಪು ಬಂದಿದೆಯೇ ಎಂದು ಕೇಳಿದರೆ ಹಮ್ದಾನ್ ಸ್ಟ್ರೀಟಿನ ಅಂಗಡಿಯವನು ಸೊಪ್ಪು ಕಟ್ಟಿಡಬೇಕು, ಹಾಗಿತ್ತು! ಗದಗಿಗೆ ಫೋನು ಮಾಡುವಾಗ ಫೋನಿನ ಅವಶ್ಯಕತೆಯೇ ಇಲ್ಲವೆಂದು ಕಾಕಾ ಹಾಸ್ಯ ಮಾಡುತ್ತಿದ್ದರು. ಮೇಲಾಗಿ ಒಡಪು. ನಮ್ಮ ಉತ್ತರ ಕರ್ನಾಟಕದ ಮದುವೆ, ಸೀಮಂತ, ನಿಶ್ಚಯಗಳಲ್ಲಿ ಹೆಂಗಸರು ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಪ್ರಾಸ ಕಟ್ಟಿ, ಆ ಪ್ರಾಸದೊಳಗೆ ಹೆಸರನ್ನು ಕೂರಿಸಿ ಹೇಳಬೇಕು. ಅದೇ ಒಡಪು. ಬಾಗಿಲಿಗೆ ಅಡ್ಡ ನಿಂತ ಹೆಂಗಸರು ಒಡಪು ಕೇಳದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಅಬುಧಾಬಿಯ ನಮ್ಮ ಮಂದಿಯಲ್ಲಿ ಕಾಕುವನ್ನು ಮೀರಿಸಿ ಒಡಪು ಹೇಳಿದವರಿಲ್ಲ. ಏಸಿ, ವೀಸಾ, ಪೆಟ್ರೋಲು, ಯಾವ ಮಾತು ಕೊಟ್ಟರೂ ಅದರ ತುದಿಗೆ ಗಂಡನ ಹೆಸರನ್ನು ಹೂ ಮುಡಿಸಿದ ಹಾಗೆ ಮುಡಿಸಿಬಿಡುತ್ತಿದ್ದರು.

ಆ ಗಂಟಲಿನಲ್ಲಿ ಗಡ್ಡೆ ಬಂತು. ಆಪರೇಷನ್ನಾಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಗಡ್ಡೆ ಹೋಯಿತು, ಜೀವ ಉಳಿಯಿತು, ದನಿ ಹೋಯಿತು. ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಪುಟ್ಟ ಯಂತ್ರವೊಂದನ್ನು ಕೊಟ್ಟರು. ಕಾಕು ಅದನ್ನು ಒಂದೇ ಸಲ ಹಿಡಿದು ನೋಡಿದರು. ಲಿಫ್ಟು ಮಾತಾಡಿದಂಥ ದನಿ ಬಂತು. ಅದನ್ನು ಕಪಾಟಿನೊಳಗಿಟ್ಟು ಬಾಗಿಲು ಹಾಕಿದವರು ಆಮೇಲೆ ತುಟಿಯನ್ನೂ ತೆರೆಯಲಿಲ್ಲ. ಏನು ಬೇಕಿದ್ದರೂ ಮೊಬೈಲಿನಲ್ಲಿ ಎರಡು ಅಕ್ಷರ. ‘ಹೂಂ’, ‘ಬ್ಯಾಡ’. ಕುತ್ತಿಗೆಗೆ ಸ್ಕಾರ್ಫು ಸುತ್ತಿಕೊಂಡು ಮಲಗುವ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತುಬಿಡುತ್ತಿದ್ದರು. ಬಾಯಿ ತೆರೆಸುವುದೇ ನನ್ನ ಕಸುಬು, ಆದರೆ ಕಾಕುವಿನ ಬಾಯಿ ತೆರೆಸಲು ನನ್ನಿಂದಾಗಲಿಲ್ಲ.

ಅಷ್ಟರಲ್ಲಿ ಪಲ್ಲವಿಗೆ ಹುಡುಗ ಗೊತ್ತಾದ. ದುಬೈನಲ್ಲೇ ಕೆಲಸ, ಮನೆಯವರು ಮಂಗಳೂರಿನ ಕಡೆಯವರು. ನಿಶ್ಚಯ ಚಳಿಗಾಲಕ್ಕೆ ಎಂದಾಯಿತು. ಕಾಕು ಮಗಳ ತಲೆ ಸವರಿ ಮೊಬೈಲಿನಲ್ಲಿ ಬರೆದರು: ‘ನಾ ಬರೂದಿಲ್ಲ.’ ಪಲ್ಲವಿ ಅತ್ತಳು, ಕಾಡಿದಳು, ಊಟ ಬಿಟ್ಟಳು. ಕಾಕು ಮತ್ತೆ ಬರೆದರು: ‘ಒಡಪು ಹೇಳು ಅಂತಾರ.’ ಅಷ್ಟೇ. ಅಮ್ಮ ಬಾರದೆ ಮಗಳ ನಿಶ್ಚಯ! ನಮಗೆಲ್ಲ ಎದೆಯ ಮೇಲೆ ಕಲ್ಲು ಹೇರಿದಂತಾಯಿತು.

ಈಗ ನೀವೇ ಹೇಳಿ. ಇಂಥ ಹೊತ್ತಿನಲ್ಲಿ ಗಂಡನಾದವನು ಏನು ಮಾಡಬೇಕು? ಡಾಕ್ಟರನ್ನು ಕಾಣಬೇಕು, ಇಲ್ಲ ದೇವರಿಗೆ ಹರಕೆ ಹೊರಬೇಕು. ನಮ್ಮ ಕಾಕಾ ಏನು ಮಾಡಿದರು? ಗೋಡೆಯಷ್ಟು ದೊಡ್ಡ ಟಿವಿ ತಂದರು!

ಆ ಟಿವಿಯಲ್ಲಿ ಮೊದಲ ದಿನವೇ ಯಾವುದೋ ಹಳೆಯ ಇಟಲಿ ಸಿನಿಮಾ ಬಂತಂತೆ. ನಾನು ಒಬ್ಬರ ದವಡೆ ಹಲ್ಲಿಗೆ ಕೈ ಹಾಕಿದ್ದಾಗಲೇ ಫೋನು. ಟಿವಿ ಕೆಟ್ಟಿದೆ, ಅದರೊಳಗಿನವರ ಬಾಯಿ ಒಂದು ಹೇಳುತ್ತದೆ, ದನಿ ಇನ್ನೊಂದು ಹೇಳುತ್ತದೆ ಎಂದು ಕಾಕಾ ಕೆಂಡವಾಗಿದ್ದರು. ಕೆಳಗಿಳಿದು ಅಂಗಡಿಯವನ ಜೊತೆ ಜಗಳಕ್ಕೂ ನಿಂತರು. ಕಾಸರಗೋಡಿನ ಆ ಪುಣ್ಯಾತ್ಮ ಟಿವಿ ಸರಿಯಾಗಿಯೇ ಇದೆ ಸಾರ್, ಪಿಕ್ಚರೇ ಹಾಗೆ ಎಂದು ಕೈ ಮುಗಿದ. ಎಂಜಿನಿಯರ್ ಸುಮ್ಮನೆ ಬಿಟ್ಟಾರೆಯೇ? ಎಲ್ಲಿಂದಲೋ ಹುಡುಕಿ ತೆಗೆದರು. ಆ ದೇಶದಲ್ಲಿ ಬಹಳ ಕಾಲ ಸಿನಿಮಾವನ್ನು ಮೊದಲು ತೆಗೆದು ದನಿಯನ್ನು ಆಮೇಲೆ ಕೂರಿಸುತ್ತಿದ್ದರಂತೆ. ಅಮೆರಿಕದ ನಾಯಕ ಇಂಗ್ಲಿಷಿನಲ್ಲಿ, ಫ್ರಾನ್ಸಿನ ನಾಯಕಿ ಫ್ರೆಂಚಿನಲ್ಲಿ, ಖಳನಾಯಕ ತನಗೆ ತಿಳಿದ ಭಾಷೆಯಲ್ಲಿ ಮಾತಾಡುವುದು. ಮಾತು ಬಾಯಿಪಾಠವಾಗದವನು ಒಂದು ಎರಡು ಮೂರು ಎಂದು ಎಣಿಸಿದರೂ ನಡೆಯುತ್ತಿತ್ತಂತೆ! ಆಮೇಲೆ ಯಾರೋ ಕತ್ತಲ ಕೋಣೆಯಲ್ಲಿ ನಿಂತು ಎಲ್ಲರಿಗೂ ದನಿ ಕೊಡುವುದು.

ಆ ಶನಿವಾರ ನಾನು ಹೋದಾಗ ಕಾಕಾರ ಕಣ್ಣುಗಳು ಫಳಫಳ ಹೊಳೆಯುತ್ತಿದ್ದವು.

“ತಂಗೀ, ಬಾಯಿ ಒಬ್ಬಾಕೀದು, ದನಿ ಇನ್ನೊಬ್ಬರದು. ಆದ್ರೂ ಇಡೀ ದೇಶ ಕುಂತು ನಂಬೇತಿ ನೋಡು” ಎಂದರು.

ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಕಾಕು ಹೇಗಿದ್ದಾರೆ ಎಂದು ಕೇಳಿದೆ. ಕೋಣೆಯಲ್ಲಿದ್ದಾಳೆ ಎಂದು ಹೇಳಿ ಮತ್ತೆ ಟಿವಿಯ ಕಡೆ ತಿರುಗಿದರು. ಹೆಂಡತಿ ಗೋಡೆ ನೋಡುತ್ತ ಕೂತಿದ್ದಾರೆ, ಗಂಡ ಇಟಲಿ ನೋಡುತ್ತ ಕೂತಿದ್ದಾರೆ. ನನ್ನ ಪಿತ್ತ ನೆತ್ತಿಗೇರಿತು.

ಕಾಕಾ ಯಾವುದನ್ನೂ ನಡುವಿನಿಂದ ಹಿಡಿಯುವವರಲ್ಲ. ಪೈಪಿನ ಲೆಕ್ಕ ಟ್ಯಾಂಕಿನಿಂದಲೇ ಶುರುವಾಗಬೇಕು. ಹಾಗಾಗಿ ಇಟಲಿ ಸಿನಿಮಾದ ಇತಿಹಾಸವನ್ನು ಮೂಕಿ ಚಿತ್ರಗಳ ಕಾಲದಿಂದ ಹಿಡಿದರು. ಉರಿಯುವ ಬೆಟ್ಟಗಳು, ಆನೆಗಳು, ಸಾವಿರಾರು ಜನ ಏರಿಳಿಯುವ ಮೆಟ್ಟಿಲುಗಳು, ಒಬ್ಬರಿಗೂ ಮಾತಿಲ್ಲ! ನಾನು ದಂಗಾದೆ. ದನಿ ಕಳೆದುಕೊಂಡವರಿರುವ ಮನೆಯಲ್ಲಿ ಮೂಕಿ ಚಿತ್ರ ಹಾಕುತ್ತಾರೆಯೇ ಯಾರಾದರೂ? ಗಾಯದ ಮೇಲೆ ಉಪ್ಪು ಸವರಿದಂತಲ್ಲವೇ? ಅಡಿಗೆಮನೆಗೆ ಕರೆದೊಯ್ದು ಮೆತ್ತಗೆ ಗದರಿಸಿದೆ.

“ಹಂಗಲ್ಲವಾ. ಈ ಪಿಚ್ಚರಿನ್ಯಾಗ ಯಾರಿಗೂ ದನಿ ಇಲ್ಲ. ಆಕೀಗೆ ಜೋಡಿ ಆಗತೈತಿ” ಎಂದು ಕಾಕಾ ಚುರುಮುರಿಗೆ ಉಳ್ಳಾಗಡ್ಡಿ ಹೆಚ್ಚತೊಡಗಿದರು.

ನಾವು ಹೊರಗೆ ಬಂದಾಗ ಕಾಕು ಸೋಫಾದ ತುದಿಯಲ್ಲಿ ಕೂತು ಆನೆಗಳನ್ನು ನೋಡುತ್ತಿದ್ದರು. ಕೋಣೆಯಿಂದ ಯಾವಾಗ ಎದ್ದು ಬಂದರೋ ಗೊತ್ತಿಲ್ಲ. ನಾನು ಅದನ್ನು ಆನೆಗಳ ಪುಣ್ಯವೆಂದುಕೊಂಡು ಮನೆಗೆ ಹೊರಟೆ.

ಮುಂದಿನ ವಾರ ಬಾಗಿಲು ತೆರೆದರೆ ಟೀಪಾಯಿಯ ಮೇಲೆ ಒಂದು ಬಿಳಿ ಟೆಲಿಫೋನು! ಬೆರಳು ಹಾಕಿ ತಿರುಗಿಸುವಂಥದ್ದು, ಗುಜರಿ ಅಂಗಡಿಯಲ್ಲಿ ಹುಡುಕಿ ತಂದದ್ದು. ಅದಕ್ಕೆ ವೈರೂ ಇಲ್ಲ, ಲೈನೂ ಇಲ್ಲ. ಕಾಕಾ ಪಾಠ ಶುರು ಮಾಡಿದರು. ಮಹಾಯುದ್ಧಕ್ಕೆ ಮೊದಲು ಅಲ್ಲಿ ಬಡವರ ಕಷ್ಟ ತೆರೆಯ ಮೇಲೆ ಕಾಣದಂತೆ ಸಿರಿವಂತರ ಮನೆಯ ಪ್ರೇಮ, ಮುನಿಸು, ಲಗ್ನಗಳನ್ನೇ ತೆಗೆಯುತ್ತಿದ್ದರಂತೆ. ನಾಯಕಿಯ ಮಂಚದ ಪಕ್ಕ ಒಂದು ಬಿಳಿ ಟೆಲಿಫೋನು ಇರಲೇಬೇಕು. ಅದಕ್ಕೇ ಆ ಜಾತಿಯ ಸಿನಿಮಾಕ್ಕೆ ಬಿಳಿ ಟೆಲಿಫೋನಿನ ಸಿನಿಮಾ ಎಂದೇ ಹೆಸರಂತೆ. ಇರಲಿ ಬಿಡಿ. ಆದರೆ ಮಾತಾಡಲಾರದ ಹೆಂಡತಿಯ ಮುಂದೆ ಟೆಲಿಫೋನು ತಂದಿಡುವುದೇ?

ನಾನು ಚಹಾ ಮಾಡಲು ಹೋದೆ. ತಿರುಗಿ ಬರುವಾಗ ಬಾಗಿಲ ಬಳಿಯೇ ಕಾಲು ನಿಂತಿತು. ಕಾಕು ಆ ಸತ್ತ ಟೆಲಿಫೋನನ್ನು ಕಿವಿಗೆ ಹಿಡಿದಿದ್ದರು. ತುಟಿಗಳು ಸರಸರನೆ ಆಡುತ್ತಿದ್ದವು! ಆಪರೇಷನ್ನಾದ ಮೇಲೆ ಆ ತುಟಿಗಳು ಅಲುಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾಯಕಿಯ ಹಾಗೆ ಕತ್ತು ಓರೆ ಮಾಡಿ ಯಾರಿಗೋ ಜೋರಾಗಿ ಬೈಯುತ್ತಿದ್ದರು. ಎದುರಿಗೆ ಕಾಕಾ ಟಿವಿಯ ರಿಮೋಟನ್ನು ಕಿವಿಗೆ ಹಿಡಿದು, ಅವರ ಬಾಯನ್ನೇ ನೆಟ್ಟ ನೋಟದಿಂದ ನೋಡುತ್ತ, “ಹೌದ್ರಿ, ತಪ್ಪಾತ್ರಿ, ನಾಳಿಗೆ ತರತೇನ್ರಿ” ಎನ್ನುತ್ತಿದ್ದರು. ಬೈಗುಳ ಯಾರಿಗೆ ಎಂದು ಬೇರೆ ಹೇಳಬೇಕಿಲ್ಲವಲ್ಲ. ನಾನು ಪಲ್ಲವಿಗೆ ಫೋನು ಮಾಡಿ ಇಬ್ಬರಿಗೂ ಹಿಡಿದಿದೆ ಎಂದೆ. ಅವಳು ಇಂಗ್ಲಿಷಿನಲ್ಲಿ ನಿಟ್ಟುಸಿರಿಟ್ಟಳು.

ಆಮೇಲೆ ನವವಾಸ್ತವವಾದ ಬಂತು. ಯುದ್ಧದಲ್ಲಿ ಸ್ಟುಡಿಯೋಗಳು ಹಾಳಾದ ಮೇಲೆ ಕ್ಯಾಮೆರಾ ಹೊತ್ತು ಬೀದಿಗಿಳಿದು, ನಟರಲ್ಲದವರನ್ನೇ ನಿಲ್ಲಿಸಿ, ಕೆಲಸವಿಲ್ಲದ ಅಪ್ಪಂದಿರ, ಹಸಿದ ಮಕ್ಕಳ ಸಿನಿಮಾ ತೆಗೆದರಲ್ಲ, ಆ ಕಾಲ. ಕಾಕಾ ಇಟಾಲಿಯನ್ನಿನಲ್ಲಿ ಅಳುವುದನ್ನು ಕಲಿತದ್ದು ಇಲ್ಲೇ. ವಾರಗಟ್ಟಲೆ ಅತ್ತರು. ಅತ್ತದ್ದು ಸಾಲದೆಂದು ಬದುಕಿನಲ್ಲಿ ನೈಜತೆ ಬೇಕೆಂದು ಹಠ ಹಿಡಿದರು. ಆ ಸಿನಿಮಾಗಳಲ್ಲಿ ಓಣಿಯ ಈ ಮನೆಯಿಂದ ಆ ಮನೆಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿರುತ್ತಾರೆ. ಕಾಕಾ ಬಾಲ್ಕನಿಯ ಉದ್ದಕ್ಕೂ ಹಗ್ಗ ಬಿಗಿದು ತಮ್ಮ ಪಟ್ಟೆ ಪೈಜಾಮಗಳನ್ನೆಲ್ಲ ಎಲೆಕ್ಟ್ರಾ ಸ್ಟ್ರೀಟಿಗೆ ಕಾಣುವಂತೆ ತೂಗುಬಿಟ್ಟರು. ಈ ಊರಿನಲ್ಲಿ ಬಾಲ್ಕನಿಯಲ್ಲಿ ಬಟ್ಟೆ ಹರವಿದರೆ ದಂಡ ಬೀಳುತ್ತದೆ ಎಂಬುದು ಮಗುವಿಗೂ ಗೊತ್ತು! ಕಟ್ಟಡದ ಕಾವಲುಗಾರ ಏದುಸಿರು ಬಿಡುತ್ತ ಮೇಲೆ ಬಂದ. ಕಾಕಾ ಅವನಿಗೂ ಯುದ್ಧಾನಂತರದ ಇಟಲಿಯ ಬಗ್ಗೆ ವಿವರಿಸಲು ಹೊರಟರು. ಅವನು ಕೇಳುವಷ್ಟು ಕೇಳಿ, “ಸಾರ್, ಇಟಲಿ ಖಲಾಸ್. ಪೈಜಾಮ ಯಲ್ಲಾ, ಅಂದರ್” ಎಂದು ತಾನೇ ಹಗ್ಗ ಬಿಚ್ಚಿದ. ಇಷ್ಟು ಚುಟುಕಾದ ವಿಮರ್ಶೆಯನ್ನು ನವವಾಸ್ತವವಾದ ಬೇರೆಲ್ಲೂ ಕಂಡಿರಲಾರದು.

ಮುಂದಿನದು ಕತ್ತಿ ಮತ್ತು ಚಪ್ಪಲಿಯ ಸಿನಿಮಾಗಳು. ಎಣ್ಣೆ ಸವರಿದ ಎದೆಯ ಜಟ್ಟಿಗಳು ರಟ್ಟಿನ ಕಂಬಗಳನ್ನು ಮುರಿಯುವುದು, ರೋಮಿನ ಅರಸರು ದ್ರಾಕ್ಷಿ ತಿನ್ನುತ್ತ ಸಿಂಹ ಬಿಡಿಸುವುದು. ಇಲ್ಲಿಂದ ಕಾಕಾ ಟಿವಿಯ ಸದ್ದನ್ನು ಪೂರ್ತಿ ತೆಗೆದು ತಾವೇ ದನಿ ಕೊಡಲು ಶುರು ಮಾಡಿದರು! ಕಾಕುವಿಗೆ ಕೆಳಗೆ ಬರುವ ಇಂಗ್ಲಿಷ್ ಸಾಲು ಓದಿ ಮುಗಿಯುವುದಿಲ್ಲ, ಅದಕ್ಕೆ ಎಂಬ ನೆಪ. ನಾನು ಹೋದ ದಿನ ರೋಮಿನ ಚಕ್ರವರ್ತಿ ಕೈಯೆತ್ತಿ ಗದಗಿನ ಭಾಷೆಯಲ್ಲಿ, “ಏ ತಮ್ಮಾ, ಆ ಸಿಂಹಕ್ಕ ನಿನ್ನಿಯಿಂದ ಏನೂ ಹಾಕಿಲ್ಲ, ಲಗೂನ ಬಿಡು” ಎಂದು ಅಪ್ಪಣೆ ಕೊಡುತ್ತಿದ್ದ. ರಾಣಿಗೂ ಕಾಕಾರದೇ ದನಿ, ಸಿಂಹಕ್ಕೂ ಕಾಕಾರದೇ ದನಿ. ನಡುನಡುವೆ ಕಾಕು ಅವರ ತೊಡೆಗೆ ತಟ್ಟಿ ತಪ್ಪು ಎಂದು ಕೈಯಾಡಿಸುತ್ತಿದ್ದರು. ರಾಣಿ ಬಾಯಿ ಮುಚ್ಚಿದ ಮೇಲೂ ಕಾಕಾರ ಮಾತು ಮುಗಿದಿರಲಿಲ್ಲವಂತೆ! ಕಾಕಾ ಚಿತ್ರವನ್ನು ಹಿಂದಕ್ಕೆ ಓಡಿಸಿ, ಬಗ್ಗಿ, ರಾಣಿಯ ತುಟಿಯನ್ನು ಪರೀಕ್ಷಿಸಿ, ಮಾತನ್ನು ಕತ್ತರಿಸಿ ಮತ್ತೆ ಹೇಳಿದರು. ಕಾಕು ತಲೆಯಾಡಿಸಿದ ಮೇಲಷ್ಟೇ ರೋಮ್ ಸಾಮ್ರಾಜ್ಯ ಮುಂದಕ್ಕೆ ಹೋಯಿತು.

ನಿಶ್ಚಯ ಹತ್ತಿರ ಬರುತ್ತಿತ್ತು. ನಾನು ಕಾಕಾರನ್ನು ಹಿಡಿದು ನಿಲ್ಲಿಸಿ, ಈ ಆಟ ಸಾಕು, ಕಾಕುವನ್ನು ಒಪ್ಪಿಸುವುದು ಹೇಗೆ ಹೇಳಿ ಎಂದೆ. ಅವರು ಬರುತ್ತಾಳೆ ಎಂದರು, ಅಷ್ಟೇ. ಹೇಗೆ ಬರುತ್ತಾರೆ ಎಂದರೆ, ಈಗ ಕೌಬಾಯ್ ಸಿನಿಮಾ ಶುರುವಾಗಿದೆ ಎಂದರು! ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಕೌಬಾಯ್ ಸಿನಿಮಾ ಅಮೆರಿಕದ್ದಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿ ಕೆಟ್ಟೆ. ಇಟಲಿಯವರೂ ತೆಗೆದರಂತೆ, ಅದೂ ಸ್ಪೇನಿನ ಬಯಲಿಗೆ ಹೋಗಿ. ಜಗತ್ತು ಅದಕ್ಕೆ ಅವರ ಶ್ಯಾವಿಗೆಯ ಹೆಸರನ್ನೇ ಇಟ್ಟು ಸ್ಪಾಗೆಟ್ಟಿ ವೆಸ್ಟರ್ನ್ ಎಂದಿತಂತೆ. ಇಷ್ಟು ಮರಳು ಇಲ್ಲಿ ಬಿದ್ದಿರುವಾಗ ಸ್ಪೇನಿಗೆ ಯಾಕೆ ಹೋದರು ಎಂಬುದೇ ಕಾಕಾರ ಕೊರಗು. ಈ ಸಿನಿಮಾಗಳಲ್ಲಿ ಮಾತು ಕಮ್ಮಿ. ಇಬ್ಬರು ಎದುರುಬದುರು ನಿಂತು ಕಣ್ಣು ಕಿರಿದು ಮಾಡಿ ಒಬ್ಬರನ್ನೊಬ್ಬರು ನೋಡುತ್ತಲೇ ಇರುತ್ತಾರೆ. ಬೆವರಿಳಿಯುತ್ತದೆ, ನೊಣ ಹಾರುತ್ತದೆ, ಮಾತಿಲ್ಲ. ಮಾತಿಲ್ಲದವರದೇ ದರ್ಬಾರು ಎಂದು ಕಾಕುವನ್ನು ಪುಸಲಾಯಿಸಿ ಕಾಕಾ ಹಮ್ದಾನ್ ಸ್ಟ್ರೀಟಿನ ಸೂಪರ್‌ಮಾರ್ಕೆಟ್ಟಿಗೆ ಹೊರಡಿಸಿದರು. ಆಪರೇಷನ್ನಾದ ಮೇಲೆ ಆಸ್ಪತ್ರೆ ಬಿಟ್ಟು ಕಾಕು ಹೊರಗೆ ಕಾಲಿಟ್ಟದ್ದು ಅವತ್ತೇ. ಜೊತೆಗೆ ನಾನಿದ್ದೆ. ಕಾಕಾ ಸೈಟಿನಲ್ಲಿ ಹಾಕುವ ಅಗಲ ಅಂಚಿನ ಟೋಪಿ ಹಾಕಿದ್ದರು. ಜನ ತಿರುತಿರುಗಿ ನೋಡುತ್ತಿದ್ದರು, ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತ್ತು.

ತರಕಾರಿಯ ಕಟ್ಟೆಯಲ್ಲಿ ಒಂದೇ ಒಂದು ಮೆಂತ್ಯದ ಕಟ್ಟು ಉಳಿದಿತ್ತು. ಕಾಕಾ ಕೈಚಾಚುವುದಕ್ಕೂ ಆ ಕಡೆಯಿಂದ ಮಂಗಳೂರಿನ ಕೊಂಕಣಿ ಹೆಂಗಸೊಬ್ಬರು ಕೈಚಾಚುವುದಕ್ಕೂ ಸರಿಹೋಯಿತು. ಕಾಕಾ ಟೋಪಿಯನ್ನು ಹಣೆಗೆ ಎಳೆದರು. ಕಣ್ಣು ಕಿರಿದು ಮಾಡಿದರು. ಬಲಗೈ ಮೆಲ್ಲಗೆ ಸೊಂಟದ ಕಾರಿನ ಕೀಲಿಯ ಹತ್ತಿರ ಹೋಯಿತು! ಆ ಹೆಂಗಸೇನು ಹೆದರುವವರಲ್ಲ, ಅವರೂ ಕನ್ನಡಕ ಮೇಲೇರಿಸಿ ನಿಂತರು. ತೂಕ ಮಾಡುವ ಹುಡುಗಿ ಉಸಿರು ಬಿಗಿಹಿಡಿದಳು. ಎಷ್ಟು ಹೊತ್ತು ಹಾಗೆ ನಿಂತರೋ. ಕಾಕು ನಡುವೆ ನುಗ್ಗಿ, ಮೆಂತ್ಯದ ಕಟ್ಟನ್ನು ಎತ್ತಿ ಎರಡು ಪಾಲು ಮಾಡಿ, ಅರ್ಧ ಅವರ ಗಾಡಿಗೆ, ಅರ್ಧ ನಮ್ಮ ಗಾಡಿಗೆ ಹಾಕಿ ಮುಂದಕ್ಕೆ ನಡೆದರು. ಇಟಲಿಯವರು ಇಂಥ ಹೆಂಗಸನ್ನು ಒಂದು ಸಿನಿಮಾದಲ್ಲಾದರೂ ಹಾಕಿದ್ದರೆ ಅಷ್ಟು ಜನ ಗಂಡಸರು ಸುಮ್ಮನೆ ಸಾಯುತ್ತಿರಲಿಲ್ಲ.

ಇದೆಲ್ಲ ಹೇಗೋ ತಡೆದುಕೊಂಡೆ. ಆದರೆ ಹಳದಿ ಸಿನಿಮಾ! ಆ ದೇಶದಲ್ಲಿ ಕೊಲೆಯ ಪತ್ತೇದಾರಿ ಪುಸ್ತಕಗಳಿಗೆ ಹಳದಿ ರಟ್ಟು ಇರುತ್ತಿತ್ತಂತೆ. ಅದರಿಂದಾಗಿ ಕೊಲೆಯ ಸಿನಿಮಾಗಳಿಗೂ ಹಳದಿ ಎಂದೇ ಹೆಸರು. ಕಪ್ಪು ಕೈಗವಸು ತೊಟ್ಟ ಕೊಲೆಗಾರ, ಥಳಥಳಿಸುವ ಚೂರಿ, ಕೆಂಪು ದೀಪ, ಚೀರುವ ಹೆಂಗಸರು. ಇದೊಂದನ್ನು ಬಿಡಿ, ಕಾಕುವಿನ ಎದೆಗೆ ಆಗುವುದಿಲ್ಲ ಎಂದು ನಾನು ಬೇಡಿಕೊಂಡಿದ್ದೆ.

ಮರುವಾರ ಬಾಗಿಲು ಅರೆ ತೆರೆದಿತ್ತು. ಒಳಗೆ ಪರದೆಗಳೆಲ್ಲ ಎಳೆದು ಕತ್ತಲು. ಅಡಿಗೆಮನೆಯಿಂದ ಕೆಂಪು ಬೆಳಕು. ಎರಡು ಹೆಜ್ಜೆ ಇಟ್ಟರೆ ಗೋಡೆಗೆ ಒರಗಿ ನಿಂತ ಕಾಕು, ಕಣ್ಣು ಹೊರಗೆ ಬರುವಷ್ಟು ಅಗಲ, ಬಾಯಿ ಅದಕ್ಕಿಂತ ಅಗಲ. ಅಷ್ಟರಲ್ಲಿ ಆ ಬಾಯಿಂದ ಕರುಳು ಹಿಂಡುವಂಥ ಚೀತ್ಕಾರ! ದನಿಯೇ ಇಲ್ಲದ ಹೆಂಗಸಿನ ಬಾಯಿಂದ ಚೀತ್ಕಾರ! ನಾನು ಅವರಿಗಿಂತ ಜೋರಾಗಿ ಚೀರಿ, ಕೈಯಲ್ಲಿದ್ದ ಇಡ್ಲಿಯ ಡಬ್ಬಿಯನ್ನು ಕೆಳಗೆ ಬಿಟ್ಟೆ. ಫ್ರಿಜ್ಜಿನ ಹಿಂದಿನಿಂದ ಕಾಕಾ ಹೊರಬಂದರು. ಕೈಗೆ ಕಪ್ಪು ಗವಸು, ಕೈಯಲ್ಲಿ ಚೂರಿ, ಚೂರಿಯ ತುದಿಗೆ ಒಂದು ಬದನೆಕಾಯಿ.

“ಕಾಕಾ, ಚೀರಿದ್ದು ಯಾರು?” ಎಂದೆ.

“ನಾನಽ. ಹೊಂದಿಕಿ ಆಗಿತ್ತಿಲ್ಲೋ?”

ಕಾಕು ಗೋಡೆ ಹಿಡಿದುಕೊಂಡು ಕುಸಿದು ಕೂತರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಸದ್ದಿಲ್ಲದ ನಗು. ಅದಕ್ಕೆ ದನಿ ಕೊಡಲು ಕಾಕಾ ಹೋಗಲಿಲ್ಲ, ಚೂರಿ ಹಿಡಿದುಕೊಂಡೇ ನೋಡುತ್ತ ನಿಂತರು. ನಾನು ನೆಲದ ಮೇಲಿನ ಇಡ್ಲಿ ಆರಿಸತೊಡಗಿದೆ. ಗಾಬರಿ ಇಳಿದ ಮೇಲೆ ನನಗೆ ಸಂತೋಷವಾಗಿತ್ತು ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ನಿಶ್ಚಯದ ಬೆಳಿಗ್ಗೆ ಪಲ್ಲವಿಯ ಫೋನು ಬಂತು. “ಅಕ್ಕಾ, ಮಮ್ಮಿ ಈಸ್ ಕಮಿಂಗ್” ಎಂದು ಅಳುತ್ತ ನಗುತ್ತಿದ್ದಳು. ದುಬೈನ ಹೋಟೆಲಿನ ಆ ಸಣ್ಣ ಹಾಲಿಗೆ ಕಾಕು ಹಸಿರು ಇಳಕಲ್ ಸೀರೆ ಉಟ್ಟು, ಕುತ್ತಿಗೆಗೆ ಅದೇ ಬಣ್ಣದ ರೇಷ್ಮೆಯ ಸ್ಕಾರ್ಫು ಸುತ್ತಿ ಬಂದರು. ಪಕ್ಕದಲ್ಲಿ ಕಾಕಾ. ಬಿಳಿ ಕೋಟು, ಕಪ್ಪು ಕನ್ನಡಕ! ಇಟಲಿಯ ಯಾವುದೋ ಸಿನಿಮಾ ನೇರವಾಗಿ ಮಗಳ ನಿಶ್ಚಯಕ್ಕೆ ಬಂದಿಳಿದಿತ್ತು. ಇವರು ಮೈಕು ಸಿಕ್ಕರೆ ಬೀಗರಿಗೆಲ್ಲ ಬಿಳಿ ಟೆಲಿಫೋನಿನ ಕಥೆ ಹೇಳಿಬಿಡುತ್ತಾರೆ ಎಂದು ನಾನು ಮೈಕಿನ ಮೇಲೆಯೇ ಒಂದು ಕಣ್ಣಿಟ್ಟಿದ್ದೆ. ಆದರೆ ಪೆಟ್ಟು ಬಂದದ್ದು ಬೇರೆ ಕಡೆಯಿಂದ.

ಉಂಗುರ ಬದಲಾಯಿತು, ಆರತಿಯಾಯಿತು. ಹುಡುಗನ ತಾಯಿ ಬಹಳ ಒಳ್ಳೆಯ ಹೆಂಗಸು. ನಮ್ಮ ಕಡೆಯವರನ್ನು ಗೌರವಿಸಬೇಕೆಂದು ನಮ್ಮ ಶಾಸ್ತ್ರಗಳನ್ನೆಲ್ಲ ಯಾರನ್ನೋ ಕೇಳಿ ತಿಳಿದುಕೊಂಡು ಬಂದಿದ್ದರು. ಕಾಕುವಿನ ಗಂಟಲಿಗೆ ಆಪರೇಷನ್ನಾಗಿದೆ ಎಂಬುದೂ ಅವರಿಗೆ ಗೊತ್ತಿತ್ತು, ದನಿ ಸ್ವಲ್ಪ ಸಣ್ಣದಾಗಿದೆ ಎಂದುಕೊಂಡಿದ್ದರು. ಅವರೇ ಮೈಕು ಹಿಡಿದು ಕಾಕುವಿನ ಮುಂದೆ ಬಂದರು.

“ನಿಮ್ಮ ಕಡೆಯಲ್ಲಿ ಯಜಮಾನರ ಹೆಸರು ಹೇಳುವ ಕ್ರಮ ಉಂಟಂತಲ್ಲ ಅಕ್ಕಾ. ನೀವು ಅದರಲ್ಲಿ ಭಾರೀ ಹುಷಾರಂತೆ. ಮೆಲ್ಲ ಹೇಳಿದರೆ ಸಾಕು, ಅದಕ್ಕೇ ಮೈಕ್ ತಂದದ್ದು” ಎಂದರು.

ಪಲ್ಲವಿಯ ಮುಖ ಬಿಳಿಚಿತು. ಯಾವ ಮಾತಿಗೆ ಹೆದರಿ ಕಾಕು ಇಷ್ಟು ತಿಂಗಳು ಗೋಡೆ ನೋಡುತ್ತ ಕೂತಿದ್ದರೋ ಆ ಮಾತು ಮೈಕಿನಲ್ಲಿ ಬಂದು ಎದುರಿಗೆ ನಿಂತಿತ್ತು. ನಾನು ಎದ್ದು ಹೇಗಾದರೂ ತಪ್ಪಿಸಬೇಕೆಂದು ಹೊರಟೆ. ಅಷ್ಟರಲ್ಲಿ ಕಾಕಾ ಎದ್ದರು. ಕಪ್ಪು ಕನ್ನಡಕ ತೆಗೆದು ಜೇಬಿಗಿಟ್ಟರು. ಮೈಕನ್ನು ತಾವು ತೆಗೆದುಕೊಂಡು ಕಾಕುವಿನ ಬೆನ್ನ ಹಿಂದೆ, ಒಂದಿಷ್ಟು ಓರೆಗೆ, ಅವರ ತುಟಿಗಳು ತಮಗೆ ಕಾಣುವಂತೆ ನಿಂತರು. ಫ್ರಿಜ್ಜಿನ ಹಿಂದೆ ನಿಂತ ಹಾಗೆಯೇ.

ಕಾಕು ತಲೆಯೆತ್ತಿದರು. ಹಾಲಿನಲ್ಲಿದ್ದ ಎಲ್ಲರನ್ನೂ ಒಮ್ಮೆ ನೋಡಿದರು. ಬಾಯಿ ತೆರೆದರು. ದನಿ ಬಂತು.

“ಖರ್ಜೂರದ ಗಿಡಕ ಬಿಸಿಲಿನ ಆಸರ,
ಮಗಳ ಹೊಸ ಬಾಳಿಗೆ ಅತ್ತಿಯ ಆಸರ,
ದನಿ ಹೋದ ಈ ನನ್ನ ಬಾಯಿಗೆ…”

ದನಿ ಗಂಡಸಿನದು, ಗೊಗ್ಗರು, ಚುರುಮುರಿ ತಿಂದು ತಿಂದು ಒಣಗಿದ್ದು. ಆದರೆ ತುಟಿಗೂ ಮಾತಿಗೂ ಕೂದಲೆಳೆಯ ಸಂದಿಲ್ಲ, ಮನೆಯಲ್ಲಿ ಇಬ್ಬರೂ ಎಷ್ಟು ಸಲ ಹೇಳಿ ನೋಡಿದ್ದರೋ. ಆ ಏರಿಳಿತ ಕಾಕುವಿನದೇ. ‘ಆಸರ’ ಎಂಬಲ್ಲಿ ಎಳೆಯುವ ಆ ಎಳೆತ ಕಾಕುವಿನದೇ. ನಾವು ಯಾರೂ ಕಾಕಾರನ್ನು ನೋಡುತ್ತಿರಲಿಲ್ಲ. ಇಟಲಿಯವರು ನಂಬಿದ ಹಾಗೆ ನಾವೂ ನಂಬಿಬಿಟ್ಟಿದ್ದೆವು.

ಆಮೇಲೆ ಹೆಸರು ಬರಬೇಕು. ಕಾಕುವಿನ ತುಟಿಗಳು ಆಡಿದವು. ಮೈಕಿನಿಂದ ಏನೂ ಬರಲಿಲ್ಲ.

ಕಾಕಾ ಮರೆತರೇ? ತಮ್ಮ ಹೆಸರನ್ನೇ ಮರೆತರೇ? ಅವರತ್ತ ನೋಡಿದೆ. ಬಾಯಿ ಬಿಗಿಯಾಗಿ ಮುಚ್ಚಿ ನಿಂತಿದ್ದರು. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಈ ಸಲ ಕಾಕಾ ಕನ್ನಡದಲ್ಲಿ ಅಳುತ್ತಿದ್ದರು. ಕಾಕು ಅವಸರ ಮಾಡಲಿಲ್ಲ. ಒಂದೊಂದು ಅಕ್ಷರಕ್ಕೂ ತುಟಿಯನ್ನು ಪೂರ್ತಿ ತೆರೆದು, ಪೂರ್ತಿ ಮುಚ್ಚಿ, ಗಂಡನ ಹೆಸರನ್ನು ಕೊನೆಯವರೆಗೂ ಹೇಳಿದರು. ಹೇಳಿ ಮುಗಿಸಿದ ಮೇಲೆ ಮೈಕಿನಲ್ಲಿ ದನಿ ಮರಳಿ ಬಂತು: “ಆಸರ.”

ಹುಡುಗನ ತಾಯಿಗೆ ಅಷ್ಟರಲ್ಲಿ ಎಲ್ಲವೂ ಅರ್ಥವಾಗಿತ್ತು. ಅವರು ಕಾಕುವಿನ ಎರಡೂ ಕೈ ಹಿಡಿದುಕೊಂಡು, “ಕೇಳಿತು ಅಕ್ಕಾ, ಲಾಯ್ಕ ಕೇಳಿತು” ಎಂದರು.

ಅಬುಧಾಬಿಗೆ ಮರಳುವಾಗ ಕಾರು ನಾನೇ ನಡೆಸಿದೆ. ಕಾಕಾ ಪಕ್ಕದಲ್ಲಿ ಕೂತಿದ್ದರು, ಕಾಕು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿದ್ದರು. ಸಿಂಹಕ್ಕೂ ರಾಣಿಗೂ ದನಿ ಕೊಟ್ಟವರು ಆ ಒಂದು ಶಬ್ದ ಯಾಕೆ ಬಿಟ್ಟಿರಿ ಎಂದು ಕೇಳಿದೆ.

ಕಾಕಾ ಹಿಂದಿನ ಸೀಟಿನ ಕಡೆ ಒಮ್ಮೆ ತಿರುಗಿ ನೋಡಿದರು.

“ಅದು ನಾ ಹೇಳೂದಲ್ಲವಾ. ಅದು ಆಕೀದು” ಎಂದರು.

ಅದಕ್ಕೇ ನಾನೂ ಇಲ್ಲಿ ಅವರ ಹೆಸರು ಬರೆಯಲಿಲ್ಲ. ಅದನ್ನು ಹೇಳುವವರು ಎಲೆಕ್ಟ್ರಾ ಸ್ಟ್ರೀಟಿನ ಆ ಮನೆಯಲ್ಲಿದ್ದಾರೆ. ಈಗೀಗ ದಿನವೂ ತುಟಿಯಲ್ಲೇ ಹೇಳುತ್ತಾರೆ, ಕೆಲವೊಮ್ಮೆ ಬೈಯುತ್ತ. ಕಾಕಾ ಒಳಗಿನ ಕೋಣೆಯಿಂದಲೂ ಓಗೊಡುತ್ತಾರೆ.